ನುಂಗಿದ ಮಾತ್ರೆ ಮೈಗೆ ಹತ್ತಬೇಕು

ಪ್ರೀತಿಯ ತಮ್ಮ,

ಮಂಗಳೂರಿನಲ್ಲಿ ಇಲಿಯೊಸ್ಟಮಿ ಆಪರೇಷನ್ ಮುಗಿಸಿ ಊರಿಗೆ ಬಂದಿದ್ದೀಯ. ಚೀಲ ಬದಲಾಯಿಸುವುದನ್ನು ನರ್ಸ್ ಕಲಿಸಿದ್ದಾರೆ. ಇನ್ನು ಮದ್ದಿನ ವಿಷಯ ನಾನು ಹೇಳುತ್ತೇನೆ, ಮನಸ್ಸಿಟ್ಟು ಓದು.

ಇಲಿಯೊಸ್ಟಮಿಯಲ್ಲಿ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದಿರುತ್ತಾರೆ. ತಿಂದದ್ದು ದೊಡ್ಡ ಕರುಳಿಗೆ ಹೋಗುವುದಿಲ್ಲ, ಅಲ್ಲಿಂದಲೇ ಚೀಲಕ್ಕೆ ಬೀಳುತ್ತದೆ. ಹೆಚ್ಚಿನ ಮದ್ದುಗಳು ಸಣ್ಣ ಕರುಳಿನ ಮೇಲ್ಭಾಗದಲ್ಲೇ ರಕ್ತಕ್ಕೆ ಸೇರುವುದರಿಂದ ಸಾದಾ ಮಾತ್ರೆ, ಸಿರಪ್ ಸಾಮಾನ್ಯವಾಗಿ ಕೆಲಸ ಮಾಡುತ್ತವೆ. ತೊಂದರೆ ಕೊಡುವುದು ನಿಧಾನವಾಗಿ ಕರಗುವ ಮಾತ್ರೆಗಳು. ಸ್ಟ್ರಿಪ್ ತಿರುಗಿಸಿ ನೋಡು: ಹೆಸರಿನ ಪಕ್ಕದಲ್ಲಿ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದು ಸಣ್ಣದಾಗಿ ಇರುತ್ತದೆ. 12 ಅಥವಾ 24 ಗಂಟೆ ಸ್ವಲ್ಪಸ್ವಲ್ಪವಾಗಿ ಮದ್ದು ಬಿಡಬೇಕಾದ ಈ ಮಾತ್ರೆ ಕೆಲಸ ಮುಗಿಸುವ ಮೊದಲೇ ಚೀಲಕ್ಕೆ ಬೀಳಬಹುದು. ಕರುಳಿನಲ್ಲಿ ಮಾತ್ರ ಕರಗುವ ಹೊದಿಕೆಯ ಮಾತ್ರೆಗಳಿಗೂ ಇದೇ ಗತಿ ಬರಬಹುದು.

ಚೀಲದಲ್ಲಿ ಮಾತ್ರೆ ಕಂಡರೆ ಫೋಟೊ ತೆಗೆದು ಡಾಕ್ಟರಿಗೆ ತೋರಿಸು. ಕೆಲವೊಮ್ಮೆ ಮದ್ದೆಲ್ಲ ಇಳಿದ ಮೇಲೆ ಬರೀ ಹೊರಕವಚ ಬರುವುದೂ ಉಂಟು. ಆದ್ದರಿಂದ ನೀನಾಗಿಯೇ ಇನ್ನೊಂದು ನುಂಗಬೇಡ. ಪುಡಿ ಮಾಡಿಯೂ ನುಂಗಬೇಡ. ನಿಧಾನವಾಗಿ ಇಳಿಯಬೇಕಾದ ಮದ್ದು ಒಮ್ಮೆಲೇ ಮೈಗೇರಿದರೆ ಅಪಾಯ. ಅದೇ ಮದ್ದು ಸಾದಾ ಮಾತ್ರೆಯಾಗಿ ಅಥವಾ ದ್ರವವಾಗಿ ಸಿಗುತ್ತದೆಯೇ ಎಂದು ಕೇಳು.

ಭೇದಿ ಮದ್ದು ನಿನಗೆ ಸಲ್ಲದು. ಬಿಪಿಗೆಂದು ಮೂತ್ರ ಹೋಗಿಸುವ ಮಾತ್ರೆ ಇದ್ದರೆ ಡಾಕ್ಟರಲ್ಲಿ ಮತ್ತೊಮ್ಮೆ ವಿಚಾರಿಸು, ಏಕೆಂದರೆ ನಿನ್ನ ಮೈಯಿಂದ ನೀರು, ಉಪ್ಪು ಮೊದಲೇ ಹೆಚ್ಚು ಹೋಗುತ್ತಿದೆ. ಸಣ್ಣ ಕರುಳಿನ ಕೊನೆಯ ಭಾಗವನ್ನು ಕತ್ತರಿಸಿ ತೆಗೆದಿದ್ದರೆ ಬಿ12 ಇಂಜೆಕ್ಷನ್ ಬೇಕೇ ಎಂದೂ ಕೇಳು.

ಚೀಲ ದಿನಕ್ಕೆ ಒಂದೂವರೆ ಲೀಟರ್ ದಾಟಿ ತುಂಬುತ್ತಿದ್ದರೆ ಮದ್ದೂ ಸರಿಯಾಗಿ ಹತ್ತದೆ ಹೋಗಬಹುದು. ಆಗ ಬರೀ ನೀರನ್ನೇ ಕುಡಿಯುತ್ತಾ ಕೂರಬೇಡ, ಅದು ಉಪ್ಪನ್ನು ಇನ್ನಷ್ಟು ಎಳೆದು ಹೊರಹಾಕುತ್ತದೆ. ಎಳನೀರಿನಲ್ಲಿಯೂ ಸೋಡಿಯಂ ಕಡಿಮೆ. ಒಆರ್‌ಎಸ್ ಕುಡಿ, ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿಕೊಂಡು ಉಣ್ಣು. ತಲೆ ಸುತ್ತಿದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗು.

ನಿನ್ನ ಸರ್ಜನ್ನರಿಗೆ ಇದೆಲ್ಲ ಗೊತ್ತು. ಆದರೆ ಬಿ.ಸಿ. ರೋಡಿನಲ್ಲಿ ಜ್ವರಕ್ಕೆ, ಬೆಳ್ತಂಗಡಿಯಲ್ಲಿ ಹಲ್ಲಿಗೆ, ಮೂಡುಬಿದಿರೆಯಲ್ಲಿ ಶುಗರಿಗೆ ಮದ್ದು ಬರೆಯುವವರಿಗೆ ನಿನ್ನ ಅಂಗಿಯ ಒಳಗಿನ ಚೀಲ ಕಾಣುವುದಿಲ್ಲ. ನಾಚಿಕೆಯಿಂದ ಅದನ್ನು ಮುಚ್ಚಿಡಬೇಡ. ಯಾವ ಡಾಕ್ಟರಲ್ಲಿಗೆ, ಯಾವ ಮೆಡಿಕಲ್ಲಿಗೆ ಹೋದರೂ ಮೊದಲ ಮಾತು ಇದೇ ಆಗಲಿ: “ನನಗೆ ಇಲಿಯೊಸ್ಟಮಿ ಆಗಿದೆ, ಈ ಮಾತ್ರೆ ನನಗೆ ಆಗುತ್ತದೆಯೇ?”

ಇಂತಿ ನಿನ್ನ ಹಿತೈಷಿ