ತೋರುಬೆರಳು

ಮಗುವಿಗೆ ವರ್ಷ ತುಂಬುವ ಕಾಲ ಸಮೀಪಿಸಿತೆಂದರೆ, ಬೆಂಗಳೂರಿನ ಉಪ್ಪಾರಪೇಟೆಯಂಥ ಹಳೆಯ ಪೇಟೆಯಲ್ಲಿ, ಮೆಟ್ಟಿಲಿಳಿದು ಬೀದಿಗೆ ಬಂದ ತಂದೆಯನ್ನು ಎದುರುಗೊಳ್ಳುವ ಪ್ರಶ್ನೆಗಳು ಎರಡೇ. ಹೂವಿನ ಬುಟ್ಟಿಯ ಮುಂದೆ ಕುಳಿತ ಅಜ್ಜಿ ಸೇವಂತಿಗೆಯ ಮಾಲೆಯನ್ನು ಮೊಳ ಹಾಕುತ್ತಲೇ "ಏನಪ್ಪಾ, ಕೂಸು ಹೆಜ್ಜೆ ಇಡ್ತಾ?" ಎಂದು ವಿಚಾರಿಸುತ್ತಾಳೆ, ನಮ್ಮ ಕೆಳಗಿನ ಅಂಗಡಿಯ ದರ್ಜಿ ಯಂತ್ರದ ಚಕ್ರವನ್ನು ಅಂಗೈಯಿಂದ ಒತ್ತಿ ನಿಲ್ಲಿಸಿ "ಅಣ್ಣಾ ಅಂತ ಕೂಗ್ತಾಳಾ ಸ್ವಾಮಿ, ಇನ್ನೂ ಇಲ್ವಾ?" ಎಂದು ಕನಿಕರ ತೋರುತ್ತಾನೆ. ನಡಿಗೆ ಮತ್ತು ನುಡಿ: ಶಿಶುವಿನಿಂದ ಲೋಕವು ಅಪೇಕ್ಷಿಸುವ ಪ್ರೌಢಿಮೆ ಇವೆರಡರಲ್ಲಿಯೇ ಮುಗಿಯುವಂತೆ ಕಾಣುತ್ತದೆ. ಹನ್ನೊಂದನೆಯ ತಿಂಗಳನ್ನು ದಾಟುತ್ತಿರುವ ನನ್ನ ಮಗಳು ಈ ಎರಡರಲ್ಲಿ ಯಾವುದನ್ನೂ ಇನ್ನೂ ಸಾಧಿಸಿದವಳಲ್ಲ. ಆದರೂ ಕೆಲವು ವಾರಗಳಿಂದ ನನ್ನ ಮನಸ್ಸನ್ನು ತುಂಬಿರುವ ಆನಂದಕ್ಕೆ ಕಾರಣವಾದದ್ದು, ಬೀದಿಯಲ್ಲಿ ಯಾರೊಬ್ಬರೂ ಕೇಳದ ಮೂರನೆಯದೊಂದು ಸಂಗತಿ. ಅವಳು ಬೆರಳು ತೋರಿಸಲು ಕಲಿತಿದ್ದಾಳೆ.

ನಡಿಗೆಯ ವಿಷಯದಲ್ಲಿ ಮನೆಯವರಿಗಿದ್ದ ಆತಂಕವನ್ನು ಕಳೆದವರು ಮಕ್ಕಳ ವೈದ್ಯರು. ವಿಶ್ವ ಆರೋಗ್ಯ ಸಂಸ್ಥೆಯವರು ಘಾನಾ, ಭಾರತ, ನಾರ್ವೆ, ಓಮನ್, ಅಮೆರಿಕ ಎಂಬ ಐದು ದೇಶಗಳ 816 ಮಕ್ಕಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತ ಶಿಶುವು ಆಸರೆಯಿಲ್ಲದೆ ನಡೆಯತೊಡಗುವ ಕಾಲವು ಎಂಟನೆಯ ತಿಂಗಳಿನಿಂದ ಮೊದಲಾಗಿ ಹದಿನೇಳೂವರೆ ತಿಂಗಳವರೆಗೂ ಹರಡಿಕೊಂಡಿದೆ; ಅಷ್ಟೇ ಅಲ್ಲ, ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಡುವ ಗೋಜಿಗೇ ಹೋಗದೆ ನೇರವಾಗಿ ಎದ್ದು ನಿಲ್ಲುತ್ತವೆ. ಬಂಧುವರ್ಗದ ಹುಡುಗನೊಬ್ಬ ಒಂಬತ್ತು ತಿಂಗಳಿಗೇ ಗೋಡೆ ಬಿಟ್ಟು ನಿಂತನೆಂಬ ವಾರ್ತೆಯನ್ನು ಕೇಳಿ ಪೆಚ್ಚಾಗಿದ್ದ ನಮಗೆ, ಎಂಟಕ್ಕೂ ಹದಿನೇಳೂವರೆಗೂ ನಡುವೆ ಇಷ್ಟು ವಿಶಾಲವಾದ ಬಯಲಿದೆಯೆಂಬ ತಿಳಿವಳಿಕೆಯೇ ದೊಡ್ಡ ಸಮಾಧಾನವಾಯಿತು. ಅದೇ ವೈದ್ಯರು, ಮಗುವನ್ನು ಒಳಗೆ ಕೂರಿಸಿ ಉರುಳಲು ಬಿಡುವ ಪ್ಲಾಸ್ಟಿಕ್ ವಾಕರ್ ಮನೆಗೆ ಬೇಡವೆಂದೂ, ಅದರಿಂದ ನಡಿಗೆ ಬೇಗ ಬಾರದೆ ಅಪಾಯ ಮಾತ್ರ ಬೇಗ ಬರುವುದೆಂದೂ, ಕೆನಡಾ ದೇಶದಲ್ಲಿ 2004ರಿಂದ ಅದರ ಮಾರಾಟವನ್ನೇ ನಿಷೇಧಿಸಿದ್ದಾರೆಂದೂ ಹೇಳಿದರು. ಮೆಟ್ಟಿಲುಗಳ ಮೇಲೆಯೇ ಬದುಕುವ ನಮ್ಮ ಪೇಟೆಯ ಮನೆಗಳಿಗೆ ಆ ಎಚ್ಚರಿಕೆ ಎರಡು ಪಟ್ಟು ಸಲ್ಲುತ್ತದೆ. ವಾಕರಿಗೆ ಬದಲಾಗಿ ಮೂರು ಚಕ್ರದ ಮರದ ತಳ್ಳುಗಾಡಿಯೊಂದು ಬಂತು; ಮಗಳು ಸದ್ಯಕ್ಕೆ ಅದನ್ನು ತಳ್ಳುವುದಕ್ಕಿಂತ ಕಚ್ಚುವುದಕ್ಕೇ ಹೆಚ್ಚಾಗಿ ಉಪಯೋಗಿಸುತ್ತಿದ್ದಾಳೆ.

ಆಹಾರದ ಆಡಳಿತವೆಲ್ಲ ನಮ್ಮ ತಾಯಿಯವರದು. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಬೀಸಿ, ತೆಳ್ಳನೆಯ ಬಟ್ಟೆಯಲ್ಲಿ ಜರಡಿ ಹಿಡಿದು ಮಾಡುವ ಸರಿಹಿಟ್ಟಿನ ವಿಧಾನವನ್ನು ಅವರು ಯಾವ ಗ್ರಂಥದಿಂದಲೂ ಕಲಿತವರಲ್ಲ. ಆದರೆ ಮೊಳಕೆಯೊಡೆದಾಗ ಹುಟ್ಟುವ ಕಿಣ್ವವು ಪಿಷ್ಟವನ್ನು ಕರಗಿಸಿ ಅಂಬಲಿಯನ್ನು ತೆಳುವಾಗಿಸುವುದರಿಂದ, ಶಿಶುವಿನ ಸಣ್ಣ ಜಠರಕ್ಕೆ ಅಷ್ಟೇ ಪ್ರಮಾಣದಲ್ಲಿ ಹೆಚ್ಚು ಸಾರ ಸೇರುತ್ತದೆಂಬುದನ್ನು ಇಂದಿನ ಆಹಾರಶಾಸ್ತ್ರವೂ ಒಪ್ಪುತ್ತದೆ. ಜೇನುತುಪ್ಪವನ್ನು ಮಾತ್ರ ವರ್ಷ ತುಂಬುವವರೆಗೆ ನೆಕ್ಕಿಸಕೂಡದೆಂದು ವೈದ್ಯರು ಹೇಳಿದ್ದನ್ನು ಅವರು ಮನಸ್ಸಿಲ್ಲದ ಮನಸ್ಸಿನಿಂದ ಪಾಲಿಸುತ್ತಿದ್ದಾರೆ.

ಇನ್ನು ಬೆರಳಿನ ವಿಚಾರ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಅವಳನ್ನು ಎತ್ತಿಕೊಂಡು ಹೋಗಿದ್ದೆವು. ಹಸಿ ಕಾಯಿ, ಹುರಿದ ಕಾಯಿ, ಬೇಯಿಸಿದ ಕಾಯಿಗಳ ರಾಶಿಗಳ ನಡುವೆ ಜನಪ್ರವಾಹವು ನಮ್ಮನ್ನು ತಾನೇ ಹೊತ್ತು ದೊಡ್ಡ ಬಸವಣ್ಣನ ಗುಡಿಯೊಳಕ್ಕೆ ತಲಪಿಸಿತು. (ಕಡಲೆಬೀಜ ಎಳೆಯ ಮಕ್ಕಳ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವ ವಸ್ತುವಾದುದರಿಂದ ಅವಳ ಪಾಲಿಗೆ ಪರಿಷೆಯು ಕೇವಲ ದೃಶ್ಯಸುಖವಾಗಿತ್ತು.) ಏಕಶಿಲೆಯಲ್ಲಿ ಕಡೆದ, ಬೆಣ್ಣೆ ಎಣ್ಣೆಗಳಿಂದ ಕಪ್ಪಾಗಿ ಹೊಳೆಯುವ ಆ ಮಹಾವೃಷಭದ ಮುಂದೆ ನಿಂತು ನಾನೂ, ನನ್ನ ಪತ್ನಿಯೂ, ಹಿಂದಿದ್ದ ಅಪರಿಚಿತ ಹೆಂಗಸರಿಬ್ಬರೂ "ಅಗೋ ಬಸವಣ್ಣ, ಅಲ್ನೋಡು ಬಸವಣ್ಣ" ಎಂದು ಎಷ್ಟು ಕೈಚಾಚಿ ತೋರಿಸಿದರೂ, ಮಗು ಬಸವಣ್ಣನನ್ನು ನೋಡಲಿಲ್ಲ, ನನ್ನ ಬೆರಳನ್ನೇ ಪರಮಾಶ್ಚರ್ಯದಿಂದ ನೋಡಿತು, ಅನಂತರ ಅದನ್ನು ಹಿಡಿದು ಬಾಯಿಗಿಟ್ಟುಕೊಂಡಿತು. ಬೆರಳಿನ ತುದಿಯಿಂದ ಆಚೆಗೆ ಕಣ್ಣಿಗೆ ಕಾಣದ ದಾರಿಯೊಂದು ಹೊರಡುತ್ತದೆ, ಆ ದಾರಿಯ ಕೊನೆಯಲ್ಲಿ ಒಂದು ವಸ್ತುವಿರುತ್ತದೆ ಎಂಬುದು, ದೊಡ್ಡವರಾದ ನಮಗೆ ಎಷ್ಟು ಸಹಜವಾಗಿ ತೋರಿದರೂ, ಯಾರೇ ಆದರೂ ಕಲಿಯಬೇಕಾದ ವಿದ್ಯೆಯೆಂದು ನನಗೆ ಅಂದು ಮೊದಲ ಬಾರಿಗೆ ಹೊಳೆಯಿತು.

ಪುಷ್ಯ ಮಾಸ ಕಳೆಯುವ ಹೊತ್ತಿಗೆ ವಿದ್ಯೆ ಅವಳಿಗೆ ದೊರೆಯಿತು. ನಮ್ಮ ಮಹಡಿಯ ಕಿಟಕಿಯ ಎದುರಿಗೆ ವಸತಿಗೃಹವೊಂದಿದೆ. ಸಂಜೆಯಾದೊಡನೆ ಅದರ ನೆತ್ತಿಯ ಹೆಸರುಹಲಗೆಯಲ್ಲಿ ಕೆಂಪು ದೀಪಗಳು ಒಂದೊಂದಾಗಿ ಬೆಳಗಿ, ಒಮ್ಮೆಗೇ ಆರಿ, ಮರಳಿ ಬೆಳಗುತ್ತವೆ. ಅದರ ಪಕ್ಕದಲ್ಲಿಯೇ, ಎರಡು ಕಟ್ಟಡಗಳ ನಡುವಣ ಸಂದಿಯಲ್ಲಿ, ಚಂದ್ರನೂ ಅಂದು ಮೂಡಿದ್ದ. ತಾಯಿಯ ಕಂಕುಳಿನಲ್ಲಿದ್ದ ಮಗಳು ಮುಷ್ಟಿಯನ್ನು ಸಡಿಲಿಸಿ, ಉಳಿದ ಬೆರಳುಗಳನ್ನು ಮಡಿಚಿ, ತೋರುಬೆರಳೊಂದನ್ನೇ ಎತ್ತಿ ಕಿಟಕಿಯ ಕಡೆಗೆ ನೀಡಿ "ಆ!" ಎಂದಳು. ತೋರಿಸಿದ್ದು ಚಂದ್ರನನ್ನಲ್ಲ, ಆ ದೀಪದ ಹಲಗೆಯನ್ನು, ಕವಿಗಳು ಮನ್ನಿಸಬೇಕು. ತೋರಿಸಿದಳೆಂಬುದಲ್ಲ ವಿಶೇಷ. ತೋರಿಸಿದ ಕೈಯನ್ನು ಇಳಿಸದೆ, ಕತ್ತನ್ನು ಹೊರಳಿಸಿ, ಕೋಣೆಯ ಮೂಲೆಯಲ್ಲಿ ಕುಳಿತಿದ್ದ ನನ್ನ ಮುಖವನ್ನು ನೋಡಿದಳು: ನಾನು ಕಂಡೆನೋ ಇಲ್ಲವೋ ಎಂದು. ಆ ನೋಟದಲ್ಲಿ ಯಾಚನೆಯಿರಲಿಲ್ಲ. ಅವಳಿಗೆ ಆ ದೀಪ ಬೇಕಾಗಿರಲಿಲ್ಲ. ತಾನು ಕಂಡದ್ದನ್ನು ನಾನೂ ಕಾಣಬೇಕೆಂಬ ಅಪೇಕ್ಷೆಯೊಂದೇ ಅಲ್ಲಿತ್ತು. ಹತ್ತು ತಿಂಗಳ ಕಾಲ ಅವಳಿಗೆ ನಾವು ಹಾಲು, ಬಿಸುಪು, ನಿದ್ರೆ ಕೊಡುವವರಾಗಿದ್ದೆವು. ಆ ಸಂಜೆ, ಲೋಕವನ್ನು ಜೊತೆಗೂಡಿ ನೋಡತಕ್ಕ ಸಂಗಾತಿಗಳಾದೆವು. ಮಗಳು ನನ್ನನ್ನು ಯಾವ ಹೆಸರಿನಿಂದಲೂ ಕೂಗುವುದಕ್ಕೆ ಮೊದಲೇ ನನ್ನಲ್ಲಿ ಒಂದು ಮನಸ್ಸಿದೆಯೆಂಬುದನ್ನು ಅಂಗೀಕರಿಸಿದಳೆಂಬ ಈ ಸಂತೋಷವು, ಅವಳು ನಾಳೆ ಇಡಲಿರುವ ಮೊದಲ ಹೆಜ್ಜೆಯ ಸಂತೋಷಕ್ಕಿಂತ ಕಡಮೆಯದೆಂದು ನಾನು ಎಂದಿಗೂ ಒಪ್ಪಲಾರೆ.

ಇದು ತಂದೆಯೊಬ್ಬನ ಭಾವಾತಿರೇಕ ಮಾತ್ರವೆಂದು ಓದುಗರು ಬಗೆಯಬಾರದು. ವಾನರಗಳು ಪರಸ್ಪರ ಹೀಗೆ ಬೆರಳು ತೋರಿಸಿಕೊಳ್ಳುವುದು ಇಲ್ಲವೆನ್ನುವಷ್ಟು ವಿರಳ. ಜರ್ಮನಿಯ ಲೈಪ್ಜಿಗ್ ನಗರದಲ್ಲಿ ಮೈಕೆಲ್ ಟೊಮಸೆಲ್ಲೊ ಎಂಬ ವಿದ್ವಾಂಸರೂ ಅವರ ಸಹೋದ್ಯೋಗಿಗಳೂ ವರ್ಷ ತುಂಬಿದ ಶಿಶುಗಳ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದುಂಟು. ಮಗು ಬೆರಳು ತೋರಿಸಿದಾಗ ದೊಡ್ಡವರು ವಸ್ತುವನ್ನು ಮಾತ್ರ ನೋಡಿ ಸುಮ್ಮನಾದರೆ ಮಗುವಿಗೆ ತೃಪ್ತಿಯಿಲ್ಲ. ವಸ್ತುವನ್ನು ಬಿಟ್ಟು ಮಗುವನ್ನೇ ನೋಡಿ ಮುದ್ದುಮಾತಾಡಿದರೂ ತೃಪ್ತಿಯಿಲ್ಲ. ವಸ್ತುವನ್ನು ನೋಡಿ, ಮಗುವನ್ನು ನೋಡಿ, ಎರಡರ ಬಗೆಗೂ ಉಲ್ಲಾಸದಿಂದ ನುಡಿದಾಗ ಮಾತ್ರ ಅದು ಒಪ್ಪುತ್ತದೆ. ಈ ಮಾತಿನ ಸತ್ಯವನ್ನು ನಮ್ಮ ಮನೆಯಲ್ಲಿ ಯಾವ ಸಂಜೆ ಬೇಕಾದರೂ ಪರೀಕ್ಷಿಸಬಹುದು. ಕಣ್ಣು ಪತ್ರಿಕೆಯಲ್ಲಿಯೋ ದೂರವಾಣಿಯಲ್ಲಿಯೋ ಇಟ್ಟುಕೊಂಡು ಬರಿದೆ "ಹೂಂ, ಹೂಂ" ಎಂದರೆ, ಬೆರಳು ಇಳಿಯುವುದಿಲ್ಲ. ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಎದ್ದು ಹೋಗಿ, ಕಿಟಕಿಯ ಬಳಿ ನಿಂತು, "ಹೌದಮ್ಮಾ, ದೀಪ! ಕೆಂಪು ದೀಪ! ಆರಿಹೋಯ್ತಾ? ಮತ್ತೆ ಬಂತಾ?" ಎಂದು ಅವಳ ಮುಖವನ್ನೂ ಆ ಹಲಗೆಯನ್ನೂ ನೋಡಿ ಆಡಿದಲ್ಲದೆ ಬಿಡುಗಡೆಯಿಲ್ಲ. ಈ ಒಂದು ಪಾಠವನ್ನು ನಾನು ಯಾವ ಗುರುವಿನಿಂದಲೂ ಇಷ್ಟು ನಿಷ್ಠುರವಾಗಿ ಕಲಿತದ್ದಿಲ್ಲ.

ಬೆರಳು ಎದ್ದ ದಿನದಿಂದ ನಮ್ಮ ಮನೆಯ ಮಾತಿನ ಸ್ವರೂಪವೇ ಬೇರೆಯಾಗಿದೆ. ಕಾಗೆ, ಪಾರಿವಾಳ, ತಿರುಗುವ ಪಂಖ, ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿ, ಒಣಹಾಕಿದ ಸೀರೆ, ಬಾಳೆಹಣ್ಣಿನ ಗಾಡಿ, ಧರ್ಮಾಂಬುಧಿ ಕೆರೆಯಿದ್ದ ನೆಲದಲ್ಲಿ ಇಂದು ಅಲೆಯಾಡುವ ಬಸ್ಸುಗಳು, ಎಲ್ಲಕ್ಕೂ ಅವಳು ಬೆರಳಿನಿಂದ ಪ್ರಶ್ನೆ ಕೇಳುತ್ತಾಳೆ, ನಾವು ಹೆಸರಿನಿಂದ ಉತ್ತರ ಕೊಡುತ್ತೇವೆ. ಉತ್ತರ ಕೊಡುವವರು ನಾವಷ್ಟೇ ಅಲ್ಲ. ಎದುರು ಮನೆಯ ಹಿರಿಯಾಕೆ ತೆಲುಗಿನಲ್ಲಿ ಹೇಳುತ್ತಾರೆ. ದರ್ಜಿಯ ಹೆಂಡತಿ ದಖನಿ ಉರ್ದುವಿನಲ್ಲಿ. ಪಾತ್ರೆ ಅಂಗಡಿಯ ಮಾರವಾಡಿ ಅಜ್ಜ ತಮ್ಮ ನುಡಿಯಲ್ಲಿ. ಇಷ್ಟು ಭಾಷೆಗಳ ನಡುವೆ ಮಗುವಿಗೆ ಗೊಂದಲವಾಗದೇ ಎಂದು ಕೇಳುವವರುಂಟು. ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬುವರು 1984ರಲ್ಲಿ ತೋರಿಸಿದ್ದೇನೆಂದರೆ, ಇಂಗ್ಲಿಷ್ ಮನೆಯ ಶಿಶುಗಳು ಆರರಿಂದ ಎಂಟು ತಿಂಗಳಲ್ಲಿ ಹಿಂದಿಯ ದಂತ್ಯ ತಕಾರವನ್ನೂ ಮೂರ್ಧನ್ಯ ಟಕಾರವನ್ನೂ ಕಿವಿಯಿಂದ ಬೇರ್ಪಡಿಸಬಲ್ಲವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಆ ಶಕ್ತಿ ಬಹುಮಟ್ಟಿಗೆ ಲೋಪವಾಗುತ್ತದೆ. ಹಿಂದಿಯನ್ನು ಕೇಳುತ್ತ ಬೆಳೆಯುವ ಶಿಶುಗಳಲ್ಲಿ ಅದು ಉಳಿದುಕೊಳ್ಳುತ್ತದೆ. ಎಂದಮೇಲೆ ವರ್ಷದ ಹೊಸ್ತಿಲು ಬರುವ ಹೊತ್ತಿಗೆ ಕಿವಿಯ ಬಾಗಿಲುಗಳಲ್ಲಿ ಕೆಲವು ಮುಚ್ಚತೊಡಗುತ್ತವೆ. ಈ ಬೀದಿಯಲ್ಲಿ ಹುಟ್ಟಿದವಳಿಗೆ ಕೆಲವು ಹೆಚ್ಚಾಗಿ ತೆರೆದಿರಲಿ ಎಂದು ಆಶಿಸುವುದರಲ್ಲಿ ಏನು ತಪ್ಪು? ತನ್ನ ಮಾತು ಎಂದು ಅವಳು ಇದುವರೆಗೆ ಆಡಿರುವುದು ಬಸ್ಸಿನ "ಬುರ್ರ್" ಒಂದೇ. ಅದು ಯಾವ ಭಾಷೆಗೆ ಸಲ್ಲಬೇಕೆಂಬ ವಿವಾದವನ್ನು ಪಂಡಿತರಿಗೆ ಬಿಟ್ಟಿದ್ದೇನೆ.

ವರ್ಷ ತುಂಬುವ ಅಬ್ದಪೂರ್ತಿಯ ಸಿದ್ಧತೆ ನಡೆದಿದೆ. ಚಾಂದ್ರಮಾನದ ವರ್ಷಕ್ಕೆ 354 ದಿನಗಳಾದುದರಿಂದ, ಫಾಲ್ಗುಣದ ಜನ್ಮನಕ್ಷತ್ರವು ಆಸ್ಪತ್ರೆಯ ಕಾಗದದಲ್ಲಿರುವ ತಾರೀಖಿಗಿಂತ ಹತ್ತು ಹನ್ನೊಂದು ದಿನ ಮೊದಲೇ ಬಂದು, ಮಗಳಿಗೆ ಈ ಬಾರಿ ಎರಡು ಹುಟ್ಟುಹಬ್ಬಗಳು. ಮೊದಲನೆಯದು ಅಜ್ಜಿಯದು: ಆಯುಷ್ಯಹೋಮ, ಮಾರ್ಕಂಡೇಯಪೂಜೆ, ಎಳ್ಳುಬೆಲ್ಲ ಬೆರೆಸಿದ ಹಾಲು. ಎರಡನೆಯದು ಅವಳ ತಾಯಿಯದು: ಕೇಕು, ಬಲೂನು. ಹದಿನಾರಕ್ಕೇ ಮುಗಿಯಬೇಕಾಗಿದ್ದ ಆಯುಸ್ಸನ್ನು ಗೆದ್ದ ಮಾರ್ಕಂಡೇಯನನ್ನು ವರ್ಷದ ಮಗುವಿನ ಮುಂದೆ ಏಕೆ ಪೂಜಿಸಬೇಕೆಂಬುದು ಹಿಂದಿನವರಿಗೆ ವಿವರಿಸಬೇಕಾಗಿರಲಿಲ್ಲ. 1971ರಷ್ಟು ಈಚೆಗೂ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28, ಕರ್ನಾಟಕದಲ್ಲಿ 19. ನಮ್ಮ ತಾಯಿಯ ತಾಯಿ ಹೆತ್ತವರಲ್ಲಿ ಅಬ್ದಪೂರ್ತಿಯನ್ನು ಕಾಣದೆ ಹೋದವರಿದ್ದರೆಂದು ಮನೆಯಲ್ಲಿ ಮೆಲುದನಿಯಲ್ಲಿ ಹೇಳುತ್ತಾರೆ. ಆದಕಾರಣ ಎರಡು ಹಬ್ಬಗಳಲ್ಲಿ ಯಾವುದು ದೊಡ್ಡದೆಂಬ ಗೃಹಕಲಹದಲ್ಲಿ ನಾನು ಬಾಯಿ ಹಾಕದೆ, ಹೋಮಕ್ಕೂ ಬಲೂನಿಗೂ ಸಮನಾಗಿ ದುಡ್ಡು ಕೊಟ್ಟಿದ್ದೇನೆ.

ಹಬ್ಬಕ್ಕೆ ಬರುವ ಬಂಧುಗಳು ಆ ಎರಡು ಪ್ರಶ್ನೆಗಳನ್ನು ಕೇಳಿಯೇ ಕೇಳುತ್ತಾರೆ, ಕೇಳಲಿ. ಎಳೆಯ ಮಕ್ಕಳಿರುವ ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮಗು ನಡೆಯಲು ತಡಮಾಡಿದರೆ ಅಷ್ಟಾಗಿ ಕಳವಳಪಡಬೇಡಿ. ಆದರೆ ವರ್ಷ ತುಂಬಿದರೂ ಕೂಗಿದ ಹೆಸರಿಗೆ ತಿರುಗದಿದ್ದರೆ, ತೊದಲದಿದ್ದರೆ, ಕೈಬೀಸುವುದು, ಬೆರಳು ತೋರುವುದು ಮೊದಲಾದ ಯಾವ ಸನ್ನೆಯನ್ನೂ ಮಾಡದಿದ್ದರೆ, 'ಬೆಳೆದರೆ ತಾನೇ ಸರಿಹೋಗುತ್ತೆ' ಎನ್ನುವವರ ಮಾತಿಗೆ ಕಾಯದೆ ಮಕ್ಕಳ ವೈದ್ಯರಿಗೆ ತಿಳಿಸಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಇಂಥ ಮಕ್ಕಳ ಶ್ರವಣವನ್ನೂ ವಾಕ್ಕನ್ನೂ ಪರೀಕ್ಷಿಸಿ ನೆರವಾಗುವುದಕ್ಕೆಂದೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೆಲಸ ಮಾಡುತ್ತಿದೆ. ನಮ್ಮ ನಗರದಲ್ಲಿ ನಿಮ್ಹಾನ್ಸ್ ಆಸ್ಪತ್ರೆಯಿದೆ. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು.