ಚಾಸಿಗೆ ನೆಲದ ತಗಡು: ಒಂದು ಸಂಧಿವಿಚಾರ

ಸಂಧಿಯೆಂದೊಡನೆ ವ್ಯಾಕರಣದ ಪಾಠ ನೆನಪಾಗುವುದು ಸಹಜ. ಆದರೆ ಎರಡು ವಸ್ತುಗಳು ಕೂಡುವ ಎಡೆಯಲ್ಲೆಲ್ಲ ಸಂಧಿಯುಂಟು, ಅಲ್ಲಿಯೂ ನಿಯಮಗಳುಂಟು. ಮನೆಯಲ್ಲಿಯೇ ಕಟ್ಟಿಕೊಳ್ಳುವ ಕಾರಿನ ಚಾಸಿಗೆ ನೆಲದ ತಗಡನ್ನು ಕೂಡಿಸುವ ಕ್ರಮವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಹವ್ಯಾಸಕ್ಕೆ ಇಂಗ್ಲೆಂಡಿನಲ್ಲಿ ದೀರ್ಘ ಪರಂಪರೆಯಿದೆ. ಕಾಲಿನ್ ಚಾಪ್‌ಮನ್ನರು 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಎಂಬ ಹಗುರವಾದ ಕಾರನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಳ್ಳಬಹುದಾಗಿತ್ತು. ಅದೇ ಮಾದರಿಯ ಕಾರನ್ನು ಅಲ್ಪವೆಚ್ಚದಲ್ಲಿ ಸ್ವತಃ ನಿರ್ಮಿಸುವ ವಿಧಾನವನ್ನು ರಾನ್ ಚಾಂಪಿಯನ್ನರು 1996ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಸುಮಾರು 25 ಮಿ.ಮೀ. ಅಗಲದ ಚೌಕಾಕಾರದ ಉಕ್ಕಿನ ಕೊಳವೆಗಳ ಚೌಕಟ್ಟೇ ಇಂತಹ ಕಾರಿನ ಅಸ್ಥಿಪಂಜರ.

ನೆಲವೆಂಬುದು ಕೇವಲ ಕಾಲಿಡುವ ಹಲಗೆಯಲ್ಲ. ತಳ ಮತ್ತು ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆಯನ್ನು ಮೂಲೆಯಿಂದ ಒತ್ತಿದರೆ ಅದು ಓರೆಯಾಗಿ ಮಡಿಯುತ್ತದೆ. ತಳವನ್ನು ಸುತ್ತಲೂ ಅಂಟಿಸಿದರೆ ಸೆಟೆದು ನಿಲ್ಲುತ್ತದೆ. ಚಾಸಿಯ ಆಯವೂ ಹೀಗೆಯೇ. ಅಂಚಿನುದ್ದಕ್ಕೂ ಭದ್ರವಾಗಿ ಕೂಡಿದ ತಗಡು ಚೌಕಟ್ಟು ಓರೆಯಾಗದಂತೆ ತಡೆಯುತ್ತದೆ. ನಾಲ್ಕು ಮೂಲೆಗಳಲ್ಲಿ ಮಾತ್ರ ಬಿಗಿದ ತಗಡು ಭಾರವೇ ಹೊರತು ಬಲವಲ್ಲ.

ಕೂಡಿಸುವ ಬಗೆ ಎರಡು. ಮೊದಲನೆಯದು ಬೆಸುಗೆ. ವಿದ್ಯಾ, ಆಲಯ ಎಂಬೆರಡು ಪದಗಳ ಸವರ್ಣಸ್ವರಗಳು ಒಂದೇ ದೀರ್ಘವಾಗಿ 'ವಿದ್ಯಾಲಯ'ವಾಗುವಂತೆ, ಉಕ್ಕಿನ ಕೊಳವೆಯೂ ಉಕ್ಕಿನ ತಗಡೂ ಕರಗಿ ಒಂದಾಗುತ್ತವೆ. ಆದರೆ ಒಂದೇ ಸಮನೆ ಬೆಸೆಯುತ್ತ ಹೋದರೆ ತೆಳುವಾದ ತಗಡು ಶಾಖದಿಂದ ಸೊಟ್ಟಗಾಗುವುದು. ಆದ್ದರಿಂದ ಎದುರುಬದುರು ಬದಿಗಳಲ್ಲಿ ಸರದಿಯಂತೆ ಚಿಕ್ಕ ಚಿಕ್ಕ ಬೆಸುಗೆಗಳನ್ನಿಟ್ಟು, ನಡುವಣ ಬಿರುಕಿಗೆ ನೀರು ಸೇರದಂತೆ ಮುಚ್ಚಬೇಕು.

ಅಲ್ಯೂಮಿನಿಯಂ ಉಕ್ಕಿನ ಮೂರರಲ್ಲೊಂದರಷ್ಟು ಮಾತ್ರ ತೂಗುವುದರಿಂದ ಹಲವರಿಗೆ ಅದೇ ಪ್ರಿಯ. ಆದರೆ ಇವೆರಡೂ ಸವರ್ಣಗಳಲ್ಲ. ಸಾಮಾನ್ಯ ಬೆಸುಗೆಗೆ ಒಗ್ಗವು. ಮೇಲಾಗಿ ಬರಿಯ ಉಕ್ಕನ್ನು ತಾಗಿ ನೆನೆದಾಗ ಅಲ್ಯೂಮಿನಿಯಂ ಬೇಗನೆ ಸವೆದುಹೋಗುತ್ತದೆ. ಇಲ್ಲಿ ಬೇಕಾದುದು ಆಗಮಸಂಧಿ. ಮನೆ, ಅಲ್ಲಿ ಎಂಬುವುಗಳ ನಡುವೆ 'ಯ'ಕಾರ ಬಂದು 'ಮನೆಯಲ್ಲಿ' ಎಂದಾಗುವಂತೆ, ಎರಡು ಲೋಹಗಳ ನಡುವೆ ಬಣ್ಣವೂ ಅಂಟೂ ಬಂದು ನಿಲ್ಲಬೇಕು. ಅಂಟಿನ ಬಲವು ಅಡಿಯ ಬಣ್ಣ ಎಷ್ಟು ಗಟ್ಟಿಯಾಗಿ ಹಿಡಿದಿದೆಯೆಂಬುದನ್ನೇ ಅವಲಂಬಿಸಿದೆ.

ಅಂಟು ಮಾತ್ರ ಸಾಲದು. ಪಕ್ಕಕ್ಕೆ ಜಾರಿಸುವ ಬಲವನ್ನು ಅದು ಚೆನ್ನಾಗಿ ತಡೆಯುತ್ತದೆ. ಅಂಚಿನಿಂದ ಸುಲಿಯುವ ಬಲಕ್ಕೆ ಸೋಲುತ್ತದೆ. ರಿವೆಟ್ಟು ಸುಲಿತವನ್ನು ತಡೆಯುತ್ತದೆ. ಆದರೆ ಭಾರವನ್ನೆಲ್ಲ ತೂತಿನ ಸುತ್ತ ಒಟ್ಟುಗೂಡಿಸುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಎರಡೂ ಬೇಕು. ಕೊಳವೆಯ ಒಳಗೆ ಕೈಯಾಡದ ಕಾರಣ ಹೊರಗಿನಿಂದಲೇ ಎಳೆದು ಬಿಗಿಯುವ ರಿವೆಟ್ಟುಗಳನ್ನು ಬಳಸತಕ್ಕದ್ದು. ತುದಿ ಮುಚ್ಚಿದ ಜಾತಿಯಾದರೆ ನೀರು ಒಳಸೇರದು.

ಕೆಲಸದ ಅನುಕ್ರಮ ಹೀಗಿದೆ. ತಗಡನ್ನು ಹಿಡಿಕೆಗಳಿಂದ ಬಿಗಿದು, ಪ್ರತಿ ಬದಿಯ ನಡುವಿನಿಂದ ಮೂಲೆಗಳತ್ತ ತೂತು ಕೊರೆಯಬೇಕು. ತೂತಿನ ನಡುವಿನಿಂದ ತಗಡಿನ ಅಂಚಿಗೆ ರಿವೆಟ್ಟಿನ ವ್ಯಾಸದ ಎರಡರಷ್ಟಾದರೂ ದೂರವಿರಲಿ. ಬಳಿಕ ತಗಡನ್ನು ತೆಗೆದು, ತೂತಿನ ಚೂಪನ್ನು ಅರದಿಂದ ಕಳೆದು, ಲೋಹದ ಪುಡಿಯನ್ನೂ ಜಿಡ್ಡನ್ನೂ ಒರೆಸಿ, ಅಂಟು ಹಚ್ಚಿ, ಅದು ಹಸಿಯಾಗಿರುವಾಗಲೇ ರಿವೆಟ್ ಬಿಗಿಯಬೇಕು.

ಒಂದು ವಿಷಯದಲ್ಲಿ ರಿಯಾಯಿತಿಯಿಲ್ಲ. ಆಸನವನ್ನಾಗಲಿ ರಕ್ಷಣಾಪಟ್ಟಿಯನ್ನಾಗಲಿ ಬರಿಯ ತಗಡಿಗೆ ಬಿಗಿಯಲಾಗದು. ಅಪಘಾತದಲ್ಲಿ ಬೋಲ್ಟು ತಗಡನ್ನು ಹರಿದುಕೊಂಡು ಹೊರಬರುವುದು. ಅವುಗಳ ಆಧಾರ ಚೌಕಟ್ಟಿಗೆ ಬೆಸೆದ ಗಟ್ಟಿ ಪಟ್ಟಿಗಳಲ್ಲಿರಬೇಕು.

ವ್ಯಾಕರಣದಲ್ಲಿ ಸಂಧಿ ತಪ್ಪಿದರೆ ಪದ ಕೆಡುವುದು, ತಿದ್ದಿದರೆ ಸರಿಹೋಗುವುದು. ಇಲ್ಲಿ ತಪ್ಪಿದರೆ ಕೆಡುವುದು ಕುಳಿತವನ ಪ್ರಾಣ. ಕೂಡುವ ಪದಾರ್ಥಗಳ ಸ್ವಭಾವವನ್ನರಿತು ಸಂಧಿಯನ್ನು ಆರಿಸಬೇಕೆಂಬ ನಿಯಮವನ್ನು ತರಗತಿಯಲ್ಲಿ ಕಲಿಸುವವರೂ ಕಾರ್ಯಾಗಾರದಲ್ಲಿ ದುಡಿಯುವವರೂ ಸಮಾನವಾಗಿ ಪಾಲಿಸತಕ್ಕದ್ದು.