ಹಿಂದಿರೋ ಅರಮನೆ ತೆಗ್ದುಬುಡಣ್ಣ

ಕೊಪ್ಪದಲ್ಲಿ ನನ್ನದೊಂದು ಸಣ್ಣ ಅಂಗಡಿ. ಝೆರಾಕ್ಸು, ಲ್ಯಾಮಿನೇಷನ್ನು, ಪಹಣಿ ಪ್ರಿಂಟು, ಪಾಸ್‌ಪೋರ್ಟ್ ಸೈಜಿನ ಫೋಟೋ. ಕೊಪ್ಪ ಅಂದರೆ ಹೊರಗಿನವರು ಮಲೆನಾಡಿನ ಕೊಪ್ಪವಾ ಅನ್ನುತ್ತಾರೆ. ಅಲ್ಲ ಅಂದರೆ ಬೈಲಕುಪ್ಪೆ ಪಕ್ಕದ್ದಾ ಅನ್ನುತ್ತಾರೆ. ನಮ್ಮದು ಮದ್ದೂರು ತಾಲ್ಲೂಕಿನ ಕೊಪ್ಪ. ಕಬ್ಬು, ಸಕ್ಕರೆ ಕಾರ್ಖಾನೆ, ಅರೆಯುವ ಕಾಲದಲ್ಲಿ ರಸ್ತೆ ಪಕ್ಕ ಸಾಲುಗಟ್ಟಿ ನಿಲ್ಲುವ ಟ್ರ್ಯಾಕ್ಟರುಗಳು. ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡು ಯಾರೂ ನೋಡಲು ಬರುವ ಊರಲ್ಲ. ನಾವೇ ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಸಲ ಮೈಸೂರು ನೋಡಿಕೊಂಡು ಬರುವವರು.

ಹಾಗೆ ಹೋಗಿಬಂದವರ ಫೋಟೋಗಳು ಕೊನೆಗೆ ಎಲ್ಲಿಗೆ ಬಂದು ಸೇರುತ್ತವೆ ಅನ್ನುವುದು ನನಗೆ ಗೊತ್ತು. ನನ್ನ ಅಂಗಡಿಗೆ. ಬೆಳಿಗ್ಗೆ ಷಟರ್ ಎತ್ತುವಷ್ಟರಲ್ಲಿ ಟವಲು ಹೊದ್ದ ಯಾರೋ ಒಬ್ಬರು ನಿಂತಿರುತ್ತಾರೆ, ಕಣ್ಣು ಕೆಂಪಗಿರುತ್ತದೆ. ಏನು ಎತ್ತ ಎಂದು ಕೇಳಬೇಕಾಗಿಲ್ಲ. "ಅಣ್ಣ, ನಮ್ಮಪ್ಪಂದು ಒಂದ್ ದೊಡ್ಡ ಫೋಟೋ ಮಾಡ್ಕೊಡು, ತಿಥಿಗೆ ಬೇಕು" ಎಂದು ಫೋನು ಮುಂದೆ ಹಿಡಿಯುತ್ತಾರೆ. ಫೋನಿನ ತುಂಬ ಮೈಸೂರು ಅರಮನೆ. ಅದರ ಮುಂದೆ ಹನ್ನೊಂದು ಜನ. ತುದಿಯಲ್ಲಿ ಅಪ್ಪ, ಬಿಸಿಲಿಗೆ ಕೈ ಅಡ್ಡ ಹಿಡಿದುಕೊಂಡು.

"ಹಿಂದಿರೋ ಅರಮನೆ ತೆಗ್ದುಬುಡಣ್ಣ. ನೀಲಿ ಆಕು."

ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಅರ್ವಿನ್ ಎಂಬ ಬ್ರಿಟಿಷರವನು ನಕ್ಷೆ ಹಾಕಿ, 1912ರ ಹೊತ್ತಿಗೆ ಮುಗಿದ ಕಟ್ಟಡ ಅದು. ಹದಿನೈದು ವರ್ಷ ಕಟ್ಟಿದ್ದನ್ನು ನಾನು ಎರಡು ನಿಮಿಷದಲ್ಲಿ ಅಳಿಸುತ್ತೇನೆ. ನಾನು ಇದುವರೆಗೆ ಎಷ್ಟು ಸಲ ಆ ಅರಮನೆ ಕೆಡವಿದ್ದೇನೋ ಲೆಕ್ಕ ಇಟ್ಟಿಲ್ಲ.

ಅರಮನೆ ಕೆಡವುವುದು ಸುಲಭ. ಕಷ್ಟ ಶುರುವಾಗುವುದು ಆಮೇಲೆ. ಹನ್ನೆರಡು ಹದಿನೆಂಟು ಇಂಚಿನ ಫ್ರೇಮು ಅಂದರೆ, ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 3600ಕ್ಕೆ 5400 ಚುಕ್ಕಿ ಬೇಕು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಬಂದ ಫೋಟೋ ಉದ್ದದ ಕಡೆಗೇ ಸುಮಾರು 1600 ಚುಕ್ಕಿಗೆ ಇಳಿದುಬಿಟ್ಟಿರುತ್ತದೆ. ಅದರಲ್ಲೇ ಹನ್ನೊಂದು ಜನ, ಐದಂತಸ್ತಿನ ಗೋಪುರ, ಮೇಲೆ ಅರ್ಧ ಆಕಾಶ. ಅಪ್ಪನ ಮುಖದ ಪಾಲಿಗೆ ಬಂದದ್ದು ಎಂಬತ್ತೋ ನೂರೋ ಚುಕ್ಕಿ. ಹಿಗ್ಗಿಸಿದರೆ ಕಂಬಳಿ ಕಂಡ ಹಾಗೆ ಕಾಣುತ್ತದೆ. ಮುಖ ಚೊಕ್ಕ ಮಾಡಿಕೊಡುವ ಆ್ಯಪುಗಳು ಈಗ ಬಂದಿವೆ. ಒಂದು ಸಲ ಬಳಸಿ ನೋಡಿದೆ. ಸುಕ್ಕು ಹೋಯಿತು, ಹಲ್ಲು ಸಾಲಾಗಿ ಕೂತವು, ಮೂಗಿಗೊಂದು ಏಣು ಬಂತು. ಸತ್ತವರ ಮಗಳು ನೋಡಿ "ಇದ್ಯಾರಣ್ಣ?" ಅಂದಳು. ಅವತ್ತಿಗೆ ಆ ಆ್ಯಪು ತೆಗೆದುಹಾಕಿದೆ.

ಟ್ರಿಪ್ಪಿನ ಫೋಟೋವೂ ಸಿಗದಿದ್ದರೆ ಆಧಾರ್ ಕಾರ್ಡು ಬರುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ; ನಿಮ್ಮದನ್ನೇ ತೆಗೆದು ನೋಡಿಕೊಳ್ಳಿ.

ಹೀಗೆ ಎಷ್ಟೋ ವರ್ಷ ಕತ್ತರಿಸಿ ಕತ್ತರಿಸಿ ನಾನೊಂದು ತೀರ್ಮಾನಕ್ಕೆ ಬಂದಿದ್ದೆ: ಟ್ರಿಪ್ಪಿನಲ್ಲಿ ಅರಮನೆ ಫೋಟೋ ತೆಗೆಯುವುದೇ ದಂಡ, ಹತ್ತಿರ ಹೋಗಿ ಮುಖ ತೆಗೆಯಬೇಕು. ಬಂದವರಿಗೆಲ್ಲ ಬುದ್ಧಿ ಹೇಳುತ್ತಿದ್ದೆ. ಅದನ್ನು ಸ್ವಲ್ಪ ಅಲ್ಲಾಡಿಸಿದವರು ಪಕ್ಕದ ಹಳ್ಳಿಯ ಒಬ್ಬ ಹೆಂಗಸು. ಗಂಡನ ಫೋಟೋ ತಂದಿದ್ದರು, ಅದೇ ಅರಮನೆ, ಅದೇ ದೂರ. ನಾನು ಕೇಳದೆಯೇ ಹಿಂಬದಿ ಅಳಿಸಿ ಮೋಡ ಹಾಕಿ ತೋರಿಸಿದೆ. ಅವರು ಸುಮ್ಮನೆ ನೋಡಿದರು. "ಅರ್ಮನೆ ಎಲ್ಲೋಯ್ತು? ಅದು ಇರ್ಲಿ. ಅವ್ರು ನನ್ನ ಒಂದೇ ಒಂದ್ ದಪ ಕರ್ಕಂಡೋಗಿದ್ದು ಅಲ್ಲಿಗೇಯ" ಅಂದರು. ವಾಪಸು ಹಾಕಿಕೊಟ್ಟೆ. ಮುಖ ಹೆಸರುಕಾಳಿನಷ್ಟು, ಅರಮನೆ ದಿವಿನಾಗಿ. ಅದಕ್ಕೇ ಹೂವಿನ ಹಾರ ಬಿತ್ತು.

ನಾನೇನೂ ಹುಟ್ಟಾ ಫೋಟೋಗ್ರಾಫರ್ ಅಲ್ಲ. ಎಸ್ಸೆಸೆಲ್ಸಿಯಲ್ಲಿದ್ದಾಗ ಸ್ಕೂಲಿನಿಂದ ಮೈಸೂರಿಗೆ ಕರೆದುಕೊಂಡು ಹೋಗಿದ್ದರು. ಸೋದರಮಾವನ ಯಾಷಿಕಾ ಕ್ಯಾಮೆರಾ ಕಾಡಿ ಬೇಡಿ ಇಸಿದುಕೊಂಡು ಹೋಗಿದ್ದೆ. 36ರ ಒಂದು ರೋಲು; ಹುಡುಗರೆಲ್ಲ ದುಡ್ಡು ಕೂಡಿಸಿ ಕೊಂಡದ್ದು. ರೋಲಿನ ಅಂಚಿನ ತೂತು ಹಲ್ಲಿಗೆ ಕಚ್ಚಿಕೊಂಡಿದೆಯೇ ಎಂದು ನೋಡಿ ಮುಚ್ಚಳ ಹಾಕಬೇಕು ಅನ್ನುವುದು ಗೊತ್ತಿರಲಿಲ್ಲ. ಲೆಕ್ಕದ ಮುಳ್ಳು ಮಾತ್ರ ಒಂದು, ಎರಡು ಎಂದು ಮೂವತ್ತಾರರವರೆಗೂ ಓಡಿತು. ತೊಳೆಸಲು ಕೊಟ್ಟರೆ ರೋಲು ನೀರಿನ ಹಾಗೆ ತಿಳಿಯಾಗಿ ಬಂತು, ಒಂದು ಗೆರೆಯೂ ಇಲ್ಲ. ಫೋಟೋ ಇಲ್ಲದಿದ್ದರೆ ನೆನಪು ಗಟ್ಟಿಯಾಗಿ ಉಳಿಯುತ್ತದೆ ಅನ್ನುತ್ತಾರಲ್ಲ, ನನ್ನ ಮಟ್ಟಿಗೆ ಅದು ಸುಳ್ಳು. ಆ ಟ್ರಿಪ್ಪಿನದು ನನಗೆ ಏನೂ ನೆನಪಿಲ್ಲ. ನೆನಪಿರುವುದು ಆಮೇಲೆ ತಿಂದ ಬೈಗುಳ ಒಂದೇ.

ಈಗಿನ ಮಾತಿಗೆ ಬರುತ್ತೇನೆ. ಅಂಗಡಿಯಲ್ಲಿ ಕೂತು ನಾನು ಮಾಡುವ ಕೆಲಸವನ್ನು ನೋಡೀ ನೋಡೀ ನಮ್ಮವ್ವ ಒಂದು ದಿನ, "ನನ್ ಫೋಟೋವ ಈಗ್ಲೇ ತಗ್ದು ಮಡಿಕ್ಕಳ್ಲಾ. ಆಮ್ಯಾಕೆ ಆದಾರ್ ಕಾರ್ಡಿಂದು ಆಕ್ಬುಟ್ಟೀಯೆ" ಅಂದಳು. ಸರಿ, ಸ್ಟೂಲ್ ಮೇಲೆ ಕೂತ್ಕೋ ಅಂದೆ. "ಅಂಗ್ಡೀಲಿ ಬ್ಯಾಡ. ಮೈಸೂರಲ್ಲಿ ತೆಗಿ." ಹೇಗಿದ್ದರೂ ಹಿಂದಿನದು ಅಳಿಸುವುದೇ ತಾನೇ, ಅಲ್ಲಿಗೆ ಯಾಕೆ ಎಂದರೆ, "ಅಳ್ಸೋದು ನಿನ್ ಕೆಲ್ಸ. ನೋಡೋದು ನಂದು" ಅಂದಳು.

ಮೇ ತಿಂಗಳ ಒಂದು ಭಾನುವಾರ ಹೊರಟೆವು. ಮದ್ದೂರಿನಿಂದ ರೈಲಿನಲ್ಲಿ ಹೋಗೋಣ ಅನ್ನುವುದು ನನ್ನ ಆಸೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಇರುವಾಗ ರೈಲಿಗೆ ದುಡ್ಡು ಯಾಕೆ ಎಂದು ಅವ್ವ, ಹೆಂಡತಿ, ಮಗಳು ಮೂವರೂ ಒಂದಾದರು. ಮೂರು ಸೊನ್ನೆ ಟಿಕೆಟು, ಒಂದು ದುಡ್ಡಿನ ಟಿಕೆಟು. ಮದ್ದೂರಿನಲ್ಲಿ ಬಸ್ಸು ನಿಂತಾಗ ಬೆಂಗಳೂರಿನ ಕಾರಿನವರು ಮದ್ದೂರು ವಡೆಯನ್ನು ತಟ್ಟೆಯಲ್ಲಿಟ್ಟು ನಾಲ್ಕು ಕಡೆಯಿಂದ ಫೋಟೋ ಹೊಡೆಯುತ್ತಿದ್ದರು. ನಾನು ಹುಟ್ಟಿದಾಗಿನಿಂದ ತಿಂದದ್ದೇ ಹೊರತು ಒಂದು ಸಲವೂ ಅದರ ಫೋಟೋ ತೆಗೆದಿಲ್ಲ. ಅವರು ಅತ್ತ ಹೋದ ಮೇಲೆ ಮರೆಯಲ್ಲಿ ಒಂದು ತೆಗೆದೆ. ಅಂಥ ಚೆನ್ನಾಗಿ ಬರಲಿಲ್ಲ.

ಮೊದಲು ಚಾಮುಂಡಿ ಬೆಟ್ಟ. ಅವ್ವನ ಲೆಕ್ಕದಲ್ಲಿ ದೇವರು ಮುಂದು, ರಾಜರು ಹಿಂದು. ಅಲ್ಲಿ ಕತ್ತಿ, ಹಾವು ಹಿಡಿದ ಮಹಿಷಾಸುರನ ಮುಂದೆ ಫೋಟೋಕ್ಕೆ ಕ್ಯೂ. ಮಗಳು ನಲವತ್ತೊಂದು ತೆಗೆದಿದ್ದಳು. ಬಹುಪಾಲು ಫೋಟೋಗಳಲ್ಲಿ ಮಹಿಷನ ತಲೆ ಬಂದರೆ ನಮ್ಮದು ಬಂದಿಲ್ಲ, ನಮ್ಮದು ಬಂದರೆ ಅವನದು ಇಲ್ಲ. ಅವ್ವನನ್ನು ನಿಲ್ಲಿಸಲು ಹೋದೆ. "ರಾಕ್ಸಸನ ಮಗ್ಗುಲಲ್ಲಿ ನಿಲ್ಸಿ ತಗ್ದು ಅದ್ಕೇ ಊವ ಆಕೀಯ?" ಅಂದಳು. ಅಲ್ಲಿಗೆ ಬೆಟ್ಟದ ಫೋಟೋ ಮುಗಿಯಿತು.

ಅರಮನೆಗೆ ಬಂದಾಗ ಮೂರೂವರೆ. ಇಲ್ಲಿ ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಅಂಗಡಿಗೆ ಬರುವ ನೂರಕ್ಕೆ ತೊಂಬತ್ತು ಫೋಟೋಗಳ ರೋಗ ಇದೇ. ಅರಮನೆಯ ಮುಖ ಇರುವುದು ಪೂರ್ವಕ್ಕೆ, ಚಾಮುಂಡಿ ಬೆಟ್ಟದ ಕಡೆಗೆ. ಮಧ್ಯಾಹ್ನದ ಮೇಲೆ ಸೂರ್ಯ ಕಟ್ಟಡದ ಬೆನ್ನಿಗೆ ಹೋಗುತ್ತಾನೆ. ಆಗ ಮುಂದೆ ನಿಂತವರ ಹಿಂದೆ ಆಕಾಶ ಉರಿಯುತ್ತಿರುತ್ತದೆ, ಮುಖ ಮಸಿಯಾಗಿರುತ್ತದೆ. ಫೋನು ಆಕಾಶ ನೋಡಿ ಲೆಕ್ಕ ಹಾಕುತ್ತದೆ, ನಮ್ಮ ಬಣ್ಣ ನೋಡಿ ಅಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬಂದಿದ್ದರೆ ಗೋಡೆಗೂ ಬಿಸಿಲು, ಮುಖಕ್ಕೂ ಬಿಸಿಲು. ಟಿಕೆಟಿಗೆಷ್ಟು, ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ಯಾವ ದಿಕ್ಕಿಗೆ ನಿಂತಿದೆ ಎಂದು ಮನೆ ಕಟ್ಟುವಾಗ ಬಿಟ್ಟರೆ ಇನ್ಯಾವಾಗಲೂ ಕೇಳುವುದಿಲ್ಲ. ಇಪ್ಪತ್ತು ವರ್ಷದಿಂದ ಕರಿ ಮುಖ ಬಿಳಿ ಮಾಡುತ್ತಿರುವ ನಾನೂ ಕೇಳಿರಲಿಲ್ಲ.

ಚಪ್ಪಲಿ ಬಿಟ್ಟು ಒಳಗೆ ಹೋದೆವು. ಕಲ್ಯಾಣ ಮಂಟಪದ ಗೋಡೆಯ ಸುತ್ತ ದಸರಾ ಮೆರವಣಿಗೆಯ ಚಿತ್ರಗಳಿವೆ. ಜನ ಮೇಲಿನ ಬಣ್ಣದ ಗಾಜು ನೋಡುತ್ತಾ ಕುತ್ತಿಗೆ ನೋಯಿಸಿಕೊಂಡು ಮುಂದೆ ಹೋಗುತ್ತಾರೆ. ನಾನು ಗೋಡೆಯ ಹತ್ತಿರ ನಿಂತೆ. ಆ ಚಿತ್ರಗಳನ್ನು ಅರಮನೆಯ ಕಲಾವಿದರು ನಿಜವಾದ ಮೆರವಣಿಗೆಯ ಫೋಟೋಗಳನ್ನು ಇಟ್ಟುಕೊಂಡು ಬರೆದರು ಅನ್ನುವುದು ಎಲ್ಲೋ ಓದಿ ತಿಳಿದಿತ್ತು. ಎದುರಿಗೆ ನಿಂತಾಗ ಅದು ಅರ್ಥವಾಯಿತು. ಕುದುರೆಯ ಲಗಾಮು ಹಿಡಿದವನಿಗೂ ಅವನದೇ ಮೂಗು, ಅವನದೇ ಮೀಸೆ. ಸಾಲಿನಲ್ಲಿ ನಿಂತ ಸಿಪಾಯಿಗಳಲ್ಲಿ ಒಬ್ಬನಂತೆ ಇನ್ನೊಬ್ಬನಿಲ್ಲ. ಒಬ್ಬ ಇತ್ತ ನೋಡುತ್ತಾನೆ, ಒಬ್ಬನ ಗಮನ ಎಲ್ಲೋ ಇದೆ. ನನ್ನ ಕಸುಬಿನವರೇ ಇವರು ಅನ್ನಿಸಿತು. ಫೋಟೋದಿಂದ ದೊಡ್ಡದು ಮಾಡಿದ್ದಾರೆ, ಆದರೆ ಒಬ್ಬರನ್ನೂ ಅಳಿಸಿಲ್ಲ. ಅವ್ವ ಒಬ್ಬ ಮುದುಕನನ್ನು ತೋರಿಸಿ, "ಇವ್ನು ನಮ್ ಚಿಕ್ಕಪ್ಪನಂಗೇ ಅವ್ನೆ" ಅಂದಳು. ಆಮೇಲೆ ಹೊರಡಲು ಒಪ್ಪದೆ ಉಳಿದ ನೆಂಟರನ್ನೂ ಹುಡುಕಲು ಶುರು ಮಾಡಿದಳು.

ದೇವರಾಜ ಮಾರುಕಟ್ಟೆಯ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಗೋಪುರದ ಹಾಗೆ ಪೇರಿಸಿದ ಅರಿಶಿನ ಕುಂಕುಮವನ್ನು ನಾನು ಬಗ್ಗಿ ಬಗ್ಗಿ ತೆಗೆಯುತ್ತಿದ್ದರೆ, ಅಂಗಡಿಯವನು "ಸಾರ್, ಎಲ್ಲರೂ ಹೊಡ್ಕೊಂಡೇ ಹೋಯ್ತಾರೆ, ಯಾರೂ ತಕ್ಕೊಂಡೋಗಲ್ಲ" ಅಂದ. ನೂರು ಗ್ರಾಂ ಕುಂಕುಮ ಕಟ್ಟಿಸಿಕೊಂಡೆ. ಅವ್ವ ಒಂದು ಕಟ್ಟು ವೀಳ್ಯದೆಲೆ ಕೊಂಡಳು.

ದೀಪ ನೋಡಲೆಂದು ಆರೂವರೆಗೆ ಮತ್ತೆ ಅರಮನೆಯ ಅಂಗಳಕ್ಕೆ ಬಂದೆವು. ಭಾನುವಾರ, ಸರ್ಕಾರಿ ರಜೆ ಮತ್ತು ದಸರೆಯ ದಿನಗಳಲ್ಲಿ ಹಚ್ಚುತ್ತಾರೆ. ಸುಮಾರು ಒಂದು ಲಕ್ಷ ಬಲ್ಬು, ಹೆಚ್ಚು ಹೊತ್ತು ಇರುವುದಿಲ್ಲ. ಮೇ ತಿಂಗಳಾದ್ದರಿಂದ ಏಳರ ಹೊತ್ತಿಗೆ ಸೂರ್ಯ ಆಗತಾನೇ ಮುಳುಗಿ ಆಕಾಶದಲ್ಲಿ ಇನ್ನೂ ಕಡುನೀಲಿ ಉಳಿದಿತ್ತು. ಇದೇ ಡಿಸೆಂಬರಿನಲ್ಲಾದರೆ ಏಳಕ್ಕೆ ಕಪ್ಪು ಕವಿದಿರುತ್ತದೆ, ಅರಮನೆ ಕರಿ ಹಲಗೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದ ಹಾಗೆ ಬರುತ್ತದೆ. ಫೋನಿನ ಪರದೆಯಲ್ಲಿ ದೀಪದ ಮೇಲೆ ಬೆರಳೊತ್ತಿ ಬೆಳಕು ಕೆಳಗಿಳಿಸಬೇಕು, ಇಲ್ಲದಿದ್ದರೆ ಬಲ್ಬುಗಳೆಲ್ಲ ಕಲಸಿ ಹಿಟ್ಟಾಗುತ್ತವೆ ಎಂದು ಮಗಳಿಗೆ ಹೇಳಿಕೊಡುತ್ತಾ ನಿಂತೆ. ಸುತ್ತ ಎಲ್ಲರೂ ಅರಮನೆಗೆ ಬೆನ್ನು ಮಾಡಿ ಸೆಲ್ಫಿಗೆ ಕೈ ಚಾಚಿ ತಯಾರಾಗಿದ್ದರು. ಫೋನಿನ ಫ್ಲ್ಯಾಷು ನಾಲ್ಕು ಮಾರು ದೂರ ಹೋಗುವುದಿಲ್ಲ. ಅದನ್ನು ಹಾಕಿದರೆ ಮುಖ ಸುಣ್ಣ, ಹಾಕದಿದ್ದರೆ ಮುಖವೇ ಇಲ್ಲ.

ಏಳಕ್ಕೆ ಒಂದೇ ಸಲಕ್ಕೆ ಹತ್ತಿಕೊಂಡಿತು. ಸಾವಿರಾರು ಬಾಯಿಯಿಂದ ಒಂದು "ಓ" ಬಂತು. ಜನ ಕೈ ಎತ್ತಿದ್ದರಿಂದ ನನಗೆ ಅರಮನೆ ಕಾಣಲಿಲ್ಲ. ಸಿಟ್ಟು ಬಂದು ಹಿಂದಕ್ಕೆ ತಿರುಗಿದೆ. ಅಲ್ಲಿ ಅವ್ವ ಇದ್ದಳು. ಅವಳು ಅರಮನೆಗೆ ಬೆನ್ನು ಮಾಡಿರಲಿಲ್ಲ, ನೋಡುತ್ತಿದ್ದಳು. ಆ ಒಂದು ಲಕ್ಷ ಬಲ್ಬಿನ ಬೆಳಕು ಅವಳ ಕೆನ್ನೆಯ ಮೇಲೆ, ಹಣೆಯ ಸುಕ್ಕಿನಲ್ಲಿ, ಕಣ್ಣೊಳಗೆ ಎರಡು ಚಿಕ್ಕ ಗೋಪುರವಾಗಿ ಕೂತಿತ್ತು. ಸ್ಟುಡಿಯೋ ದೀಪಕ್ಕೆ ಸಾವಿರಾರು ರೂಪಾಯಿ ಸುರಿದರೂ ನನಗೆ ಅಂಥ ಬೆಳಕು ಸಿಕ್ಕಿರಲಿಲ್ಲ. ಮೂರು ಹೆಜ್ಜೆ ಹತ್ತಿರ ಹೋದೆ. ಫೋನು ಎರಡು ಸೆಕೆಂಡು ಅಲ್ಲಾಡಬೇಡ ಅಂತು. ಉಸಿರು ಹಿಡಿದು ಒಂದೇ ಒಂದು ತೆಗೆದೆ. ಅವತ್ತಿನ ಮುನ್ನೂರ ಹನ್ನೆರಡು ಫೋಟೋಗಳಲ್ಲಿ ಅರಮನೆ ಇಲ್ಲದ ಅರಮನೆಯ ಫೋಟೋ ಅದೊಂದೇ.

ಮದ್ದೂರಿಗೆ ಬರುವಷ್ಟರಲ್ಲಿ ಕೊಪ್ಪದ ಬಸ್ಸು ಹೋಗಿತ್ತು. ಆಟೋದವನು ಕೇಳಿದ್ದು ಕೊಟ್ಟೆವು. ಮೂರು ಸೊನ್ನೆ ಟಿಕೆಟಿನ ಉಳಿತಾಯ ಅಲ್ಲಿಗೆ ಜಮಾ ಆಯಿತು.

ಮಾರನೆಯ ದಿನ ಹನ್ನೆರಡು ಹದಿನೆಂಟಕ್ಕೆ ಪ್ರಿಂಟು ಹಾಕಿ ತೋರಿಸಿದೆ. ಅವ್ವ ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ಬಾಯ್ ತಕ್ಕಂಡ್ ನಿಂತಿವ್ನಿ. ಕಿವಿ ಓಲೆನೂ ಕಾಣ್ತಿಲ್ಲ. ಇದ್ಯಾವ ಫೋಟವ್ಲಾ? ದಸ್ರಕ್ಕೆ ಇನ್ನೊಂದ್ ಕಿತ ಕರ್ಕಂಡೋಗು, ಸರಿಯಾಗಿ ತೆಗ್ಸ್ಕತೀನಿ" ಅಂದು ವಾಪಸು ಕೊಟ್ಟಳು. ಮಿಕ್ಕ ಮುನ್ನೂರ ಹನ್ನೊಂದನ್ನು ಯಾರೂ ಕೇಳಿಲ್ಲ. ಮಗಳು ಮಹಿಷಾಸುರನ ಒಂದನ್ನು ಸ್ಟೇಟಸ್ಸಿಗೆ ಹಾಕಿಕೊಂಡಿದ್ದಷ್ಟೇ.

ಪ್ರಿಂಟು ದಂಡ ಮಾಡಬಾರದೆಂದು ಫ್ರೇಮು ಕಟ್ಟಿ ಅಂಗಡಿಯಲ್ಲಿ ಸ್ಯಾಂಪಲ್ಲಿಗೆ ನೇತುಹಾಕಿದ್ದೇನೆ. ಪಹಣಿಗೆ ಬಂದವರು ತಲೆಯೆತ್ತಿ ನೋಡಿ, ದನಿ ತಗ್ಗಿಸಿ, "ಅಯ್ಯೋ, ಅವ್ವ ಯಾವಾಗ್ ಓದ್ರಣ್ಣ?" ಎಂದು ಕೇಳುತ್ತಾರೆ.

"ಎಲ್ಗೂ ಓಗಿಲ್ಲ ಕಣಪ್ಪೋ, ಇಲ್ಲೇ ಕುಂತಿವ್ನಿ" ಎಂದು ಬಾಗಿಲ ಪಕ್ಕದ ಬೆಂಚಿನಿಂದ ಅವ್ವ, ಎಲೆಗೆ ಸುಣ್ಣ ಸವರುತ್ತಾ.